ಸಿಗರೇಟಿಗೆ 5000 ವರ್ಷ, ಶಿಲ್ಪಕ್ಕೆ ಎರಡು ಬೇಸಿಗೆ

ಕಲಾಲೋಕಕ್ಕೆ ಆಗಾಗ ಪಶ್ಚಾತ್ತಾಪದ ಜ್ವರ ಏರುತ್ತದೆ. ಏರಿದಾಗ ಸತ್ತುಹೋದ ಒಬ್ಬ ಹೆಂಗಸನ್ನು ಹುಡುಕಿ ತರುತ್ತಾರೆ. ಬಡವಿಯಾಗಿದ್ದರೆ ಒಳ್ಳೆಯದು. ಕಪ್ಪಗಿದ್ದರೆ ಇನ್ನೂ ಒಳ್ಳೆಯದು. ಒಂದು ಪ್ರದರ್ಶನ, ಒಂದು ದಪ್ಪ ಕ್ಯಾಟಲಾಗು, ನಾಲ್ಕು ಭಾಷಣ. ಗೋಡೆಗೊಂದು ಫಲಕ: ಚರಿತ್ರೆ ಈಕೆಯನ್ನು ಮರೆತಿತ್ತು.

ಚರಿತ್ರೆಯ ತಲೆಗೆ ಕಟ್ಟುವುದು ಬಹಳ ಅನುಕೂಲ. ಅದಕ್ಕೆ ವಿಳಾಸವಿಲ್ಲ. ನೋಟಿಸು ಕೊಡಲಾಗದು. ಕಟಕಟೆ ಹತ್ತಿಸಲಾಗದು. ಸಮಿತಿಯಲ್ಲಿ ಕೂತಿದ್ದವರು, ಪತ್ರಕ್ಕೆ ಸಹಿ ಹಾಕಿದವರು, ಬುಲ್ಡೋಜರ್ ಕರೆಸಿದವರು ಎಲ್ಲರೂ ಅದರ ಬೆನ್ನ ಹಿಂದೆ ಆರಾಮಾಗಿ ಅಡಗಬಹುದು.

ಅಮೆರಿಕದ ಶಿಲ್ಪಿ ಆಗಸ್ಟಾ ಸ್ಯಾವೇಜ್ ವಿಷಯದಲ್ಲೂ ಈಗ ಇದೇ ರಾಗ. ಆದರೆ ಆಕೆಯನ್ನು ಯಾರೂ ಮರೆತಿರಲಿಲ್ಲ. ಬದುಕಿದ್ದಾಗಲೇ ಎಲ್ಲರೂ ಕಣ್ಣಾರೆ ಕಂಡಿದ್ದರು. ಹೊಗಳಿದ್ದರು. ಪತ್ರಿಕೆಗಳಲ್ಲಿ ಬರೆದಿದ್ದರು. ಶಿಫಾರಸು ಪತ್ರ ಕೊಟ್ಟಿದ್ದರು. ಕೊಡದೆ ಉಳಿದದ್ದು ಒಂದೇ. ದುಡ್ಡು.

ಶಹಬ್ಬಾಸ್‌ಗಿರಿಗೆ ಖರ್ಚಿಲ್ಲ. ಕಂಚಿಗೆ ಖರ್ಚಿದೆ. ಆಕೆಯ ಇಡೀ ಬದುಕು ಈ ಎರಡರ ನಡುವೆ ಸವೆದುಹೋಯಿತು.

ಹುಟ್ಟಿದ್ದು 1892ರ ಫೆಬ್ರವರಿ 29ರಂದು, ಫ್ಲಾರಿಡಾದ ಗ್ರೀನ್ ಕೋವ್ ಸ್ಪ್ರಿಂಗ್ಸ್ ಎಂಬ ಊರಲ್ಲಿ. 14 ಮಕ್ಕಳಲ್ಲಿ ಏಳನೆಯವಳು. ಅದು ಇಟ್ಟಿಗೆ ಸುಡುವ ಊರು. ಜೇಡಿಮಣ್ಣಿಗೆ ಬರವಿಲ್ಲ. ಹುಡುಗಿ ಮಣ್ಣಲ್ಲಿ ಬಾತುಕೋಳಿ ಮಾಡಿದಳು.

ಅಪ್ಪ ಎಡ್ವರ್ಡ್ ಫೆಲ್ಸ್ ಮೆಥಾಡಿಸ್ಟ್ ಪಾದ್ರಿ. ವಿಗ್ರಹ ಮಾಡಬಾರದೆಂದು ಬೈಬಲ್ಲಿನಲ್ಲಿದೆ. ಬಾತುಕೋಳಿಯನ್ನು ಯಾರೂ ಪೂಜಿಸುವುದಿಲ್ಲ ಎಂಬ ಸಣ್ಣ ಸಂಗತಿ ಅವನಿಗೆ ಹೊಳೆಯಲಿಲ್ಲ. ವಾರಕ್ಕೆ ನಾಲ್ಕೈದು ಸಲ ಏಟು ಬಿತ್ತು. ತನ್ನೊಳಗಿನ ಕಲೆಯನ್ನೇ ಅಪ್ಪ ಹೊಡೆದು ಓಡಿಸಿಬಿಡುತ್ತಿದ್ದ ಎಂದು ಆಕೆಯೇ ಮುಂದೆ ಹೇಳಿಕೊಂಡಿದ್ದಾಳೆ.

ಕೆಲ ವರ್ಷಗಳ ನಂತರ ಅದೇ ಮಗಳು ಕನ್ಯೆ ಮೇರಿಯ ಮೂರ್ತಿ ಮಾಡಿದಳು. ಅಪ್ಪ ಕರಗಿದ. ಬಾತುಕೋಳಿ ಮಾಡಿದರೆ ಪಾಪ, ಮೇರಿಯ ವಿಗ್ರಹ ಮಾಡಿದರೆ ಪುಣ್ಯ. ಧರ್ಮಶಾಸ್ತ್ರ ಎಷ್ಟು ಸಲೀಸಾಗಿ ಮಡಚಿಕೊಳ್ಳುತ್ತದೆ ನೋಡಿ.

15ರ ಹರೆಯದಲ್ಲಿ ಮದುವೆ. ಮರುವರ್ಷ ಮಗಳು. ಸ್ವಲ್ಪ ಕಾಲಕ್ಕೇ ಗಂಡ ಸತ್ತ. ಎರಡನೆಯ ಗಂಡನಿಂದ ಸ್ಯಾವೇಜ್ ಎಂಬ ಹೆಸರು ಬಂತು. ಗಂಡ ಹೋದ, ಹೆಸರು ಉಳಿಯಿತು.

1919ರಲ್ಲಿ ವೆಸ್ಟ್ ಪಾಮ್ ಬೀಚಿನ ಜಿಲ್ಲಾ ಮೇಳದಲ್ಲಿ ಆಕೆಯ ಮಣ್ಣಿನ ಕೆಲಸಕ್ಕೆ 25 ಡಾಲರ್ ಬಹುಮಾನ ಬಂತು. ಮೇಳದ ಮೇಲ್ವಿಚಾರಕ ಜಾರ್ಜ್ ಗ್ರಹಾಂ ಕರಿ ಮೆಚ್ಚಿಕೊಂಡ. ನ್ಯೂಯಾರ್ಕಿನ ಹೆಸರಾಂತ ಶಿಲ್ಪಿ ಸೋಲನ್ ಬೋರ್ಗ್ಲಮ್‌ಗೆ ಒಂದು ಪತ್ರ ಬರೆದುಕೊಟ್ಟ. 1921ರಲ್ಲಿ ಆಕೆ ನ್ಯೂಯಾರ್ಕಿನಲ್ಲಿ ಇಳಿದಾಗ ಕೈಯಲ್ಲಿದ್ದದ್ದು ಆ ಪತ್ರ ಮತ್ತು 4 ಡಾಲರ್ 60 ಸೆಂಟ್.

ಬೋರ್ಗ್ಲಮ್ ಬಲು ಸೌಜನ್ಯವಂತ. ತನ್ನಲ್ಲಿ ಕಲಿಯುವವರೆಲ್ಲ ಶ್ರೀಮಂತರ ಹೆಣ್ಣುಮಕ್ಕಳು, ಶುಲ್ಕ ದುಬಾರಿ, ನಿನಗೆ ಆಗದು ಎಂದ. ಬರಿಗೈಲಿ ಕಳಿಸಲಿಲ್ಲ. ಇನ್ನೊಂದು ಪತ್ರ ಕೊಟ್ಟ.

ಈ ಸೋಲನ್‌ನ ಅಣ್ಣ ಗಟ್ಜನ್ ಬೋರ್ಗ್ಲಮ್. ಮೌಂಟ್ ರಶ್ಮೋರ್ ಬೆಟ್ಟಕ್ಕೆ ನಾಲ್ವರು ಅಧ್ಯಕ್ಷರ ಮುಖ ಕೆತ್ತಿದವನು. 1927ರಿಂದ 1941ರವರೆಗೆ ಕೆಲಸ ನಡೆಯಿತು. ಸುಮಾರು 10 ಲಕ್ಷ ಡಾಲರ್ ಖರ್ಚು, ಬಹುಪಾಲು ಸರ್ಕಾರದ್ದು. ದೇಶದಲ್ಲಿ ಶಿಲ್ಪಕ್ಕೆ ಹಣವಿರಲಿಲ್ಲ ಎಂದು ಯಾರಾದರೂ ಹೇಳಿದರೆ ಆ ಬೆಟ್ಟ ತೋರಿಸಿ.

ಎರಡನೆಯ ಪತ್ರ ಹಿಡಿದು ಆಕೆ ಹೋದದ್ದು ಕೂಪರ್ ಯೂನಿಯನ್ ಎಂಬ ಕಾಲೇಜಿಗೆ. ಅಲ್ಲಿ ಆಗ ಶಿಕ್ಷಣ ಉಚಿತವಿತ್ತು. ಸೀಟಿಗಾಗಿ 142 ಜನ ಸಾಲಿನಲ್ಲಿದ್ದರು. ಕೆಲಸ ನೋಡಿದರು, ಸಾಲು ದಾಟಿಸಿ ಒಳಗೆ ಕರೆದರು. ಮಧ್ಯೆ ಆಕೆಗೆ ಹೊಟ್ಟೆಪಾಡಿನ ಕೆಲಸ ತಪ್ಪಿತು. ಸಂಸ್ಥೆಯೇ ಊಟ, ಬಾಡಿಗೆಗೆ ಹಣ ಕೊಟ್ಟಿತು. ನಾಲ್ಕು ವರ್ಷದ ಪಾಠವನ್ನು ಆಕೆ ಮೂರು ವರ್ಷಕ್ಕೆ ಮುಗಿಸಿದಳು.

ಅಂದರೆ ಸಾಧ್ಯವಿತ್ತು. ಆ ಕಾಲವೇ ಹಾಗಿತ್ತು ಎಂದು ಗೊಣಗುವವರು ಈ ಪ್ಯಾರಾ ಇನ್ನೊಮ್ಮೆ ಓದಿ. ಅದೇ ಕಾಲ, ಅದೇ ಊರು. ಒಬ್ಬರು ಶಿಲ್ಪ ನೋಡಿದರು. ಉಳಿದವರು ಚರ್ಮ ನೋಡಿದರು.

ಚರ್ಮ ನೋಡಿದವರ ಸರದಿ 1923ರಲ್ಲಿ ಬಂತು. ಪ್ಯಾರಿಸ್ಸಿನ ಹತ್ತಿರದ ಫಾಂಟೆನ್‌ಬ್ಲೋ ಅರಮನೆಯಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗಾಗಿ ಬೇಸಿಗೆ ಕಲಾಶಾಲೆ ತೆರೆಯಿತು. ಬೆಂಬಲ ಫ್ರೆಂಚ್ ಸರ್ಕಾರದ್ದು. 100 ಅಮೆರಿಕನ್ ಯುವತಿಯರಿಗೆ ಜಾಗ. ಆಯ್ಕೆ ಮಾತ್ರ ಅಮೆರಿಕದ ಗಣ್ಯ ಕಲಾವಿದರ ಸಮಿತಿಯ ಕೈಯಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಅರ್ಜಿ ಹೋಯಿತು. ಅರ್ಜಿದಾರಳು ಕಪ್ಪು ಹೆಂಗಸು ಎಂದು ತಿಳಿಯಿತು. ಅರ್ಜಿ ವಾಪಸು ಬಂತು.

ಕಾರಣವನ್ನೂ ಕೊಟ್ಟರು. ಸಮಿತಿಯ ಪರವಾಗಿ ಕಲಾವಿದ ಅರ್ನೆಸ್ಟ್ ಪೀಕ್ಸೊಟೊ ವಿವರಿಸಿದ. ಅಲಬಾಮಾ ಕಡೆಯ ಬಿಳಿ ಹುಡುಗಿಯರೂ ಬರುತ್ತಿದ್ದಾರೆ. ಒಂದೇ ಹಡಗು, ಒಂದೇ ವಾಸ. ಅವರಿಗೆ ಮುಜುಗರ. ಅಷ್ಟೇ ಅಲ್ಲ, ಸ್ಯಾವೇಜ್‌ಗೂ ಮುಜುಗರವಾದೀತು.

ಆಹಾ, ಎಂಥ ಕಾಳಜಿ! ಆಕೆಗೆ ಮುಜುಗರ ಆಗಬಾರದೆಂದು ಆಕೆಯ ಬದುಕಿನ ಬಾಗಿಲನ್ನೇ ಮುಚ್ಚಿದರು. ಅಲಬಾಮಾದ ಹುಡುಗಿಯರು ಕಪ್ಪು ಅಡುಗೆಯವಳ ಕೈಯಡುಗೆ ಉಣ್ಣಬಹುದು. ಕಪ್ಪು ದಾದಿಯ ತೋಳಲ್ಲಿ ಬೆಳೆಯಬಹುದು. ಕಪ್ಪು ಶಿಲ್ಪಿಯ ಪಕ್ಕ ಕೂತು ಮಣ್ಣು ಕಲಸಿದರೆ ಮಾತ್ರ ಮೈಲಿಗೆ.

ಆಕೆ ಸುಮ್ಮನಿರಲಿಲ್ಲ. ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಗೆ ಬರೆದಳು. ಸಮಾನ ಅವಕಾಶ ಕೊಡದೆ ಉಳಿದ ಅಮೆರಿಕನ್ ಕಲಾವಿದರ ಜೊತೆ ನಾನು ಸ್ಪರ್ಧಿಸುವುದು ಹೇಗೆ ಎಂದು ಕೇಳಿದಳು. ಗದ್ದಲವಾಯಿತು. ಸಂಪಾದಕೀಯಗಳು ಬಂದವು. ಖಂಡನೆಗಳು ಬಂದವು. ಸಮಿತಿ ಮಾತ್ರ ಕದಲಲಿಲ್ಲ.

ಇಡೀ ಸಮಿತಿಯಲ್ಲಿ ನಾಚಿಕೆಪಟ್ಟವನು ಹರ್ಮನ್ ಮ್ಯಾಕ್‌ನೀಲ್ ಒಬ್ಬನೇ. ಬಾ, ನನ್ನ ಸ್ಟುಡಿಯೋದಲ್ಲಿ ಕಲಿ ಎಂದು ಕರೆದ. 1916ರಿಂದ ಟಂಕಿಸತೊಡಗಿದ ಅಮೆರಿಕದ ಕಾಲು ಡಾಲರ್ ನಾಣ್ಯದ ಮೇಲೆ ನಿಂತಿದ್ದ ಸ್ವಾತಂತ್ರ್ಯ ದೇವಿ ಇವನ ಕೈಕೆಲಸ. ಆ ದೇವಿ ಸಮಿತಿಯ ಉಳಿದ ಸದಸ್ಯರ ಜೇಬಿನಲ್ಲೂ ಇದ್ದಳು. ಚಿಲ್ಲರೆಯಾಗಿ.

ಜೇಬಿನಲ್ಲಿ ಕಾಸಿಲ್ಲದ ಶಿಲ್ಪಿ ಮ್ಯಾನ್‌ಹಟನ್‌ನ ಲಾಂಡ್ರಿಗಳಲ್ಲಿ ಬಟ್ಟೆ ಒಗೆದಳು. ಬೆಳಗ್ಗೆ ಬೇರೆಯವರ ಕೊಳೆ, ರಾತ್ರಿ ತನ್ನ ಜೇಡಿ. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ 135ನೇ ಬೀದಿಯ ಗ್ರಂಥಾಲಯಕ್ಕೆ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರ ಎದೆಮಟ್ಟದ ಮೂರ್ತಿ ಮಾಡಿದ್ದಳು. ಮಾರ್ಕಸ್ ಗಾರ್ವೆಯ ಮೂರ್ತಿಯನ್ನೂ ಮಾಡಿದಳು. ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡದ ಈ ಇಬ್ಬರು ಕಪ್ಪು ನಾಯಕರೂ ಆಕೆಯ ಮುಂದೆ ಮಾತ್ರ ಮುಖ ಕೊಟ್ಟು ಕೂತರು.

1925ರಲ್ಲಿ ಡುಬಾಯ್ಸ್ ಅವರ ಪ್ರಯತ್ನದಿಂದ ರೋಮ್‌ನ ರಾಯಲ್ ಅಕಾಡೆಮಿಯಲ್ಲಿ ಓದಲು ವಿದ್ಯಾರ್ಥಿವೇತನ ಸಿಕ್ಕಿತು. ಶುಲ್ಕ ಮಾಫಿ. ಸಾಮಗ್ರಿ ಉಚಿತ. ಹಡಗಿನ ಖರ್ಚು, ಊಟ, ವಸತಿ ನಿಮ್ಮದೇ. ತರಗತಿ ರೋಮ್‌ನಲ್ಲಿ, ವಿದ್ಯಾರ್ಥಿನಿ ನ್ಯೂಯಾರ್ಕಿನಲ್ಲಿ, ನಡುವೆ ಅಟ್ಲಾಂಟಿಕ್ ಸಾಗರ. ಈಜಿಕೊಂಡು ಹೋಗಬೇಕಿತ್ತೇನೋ. ಲಾಂಡ್ರಿಯ ಸಂಬಳ ಮನೆಮಂದಿಗೇ ಸಾಲದು. ರೋಮ್ ಕೈತಪ್ಪಿತು. ಅವಕಾಶ ಕೊಟ್ಟಿದ್ದೆವು, ಆಕೆಯೇ ಬರಲಿಲ್ಲ ಎಂದು ಕಡತದಲ್ಲಿ ಬರೆದುಕೊಳ್ಳಲು ಯಾರಿಗೂ ತೊಂದರೆಯಾಗಲಿಲ್ಲ.

ಕೊನೆಗೆ 1929ರಲ್ಲಿ ಒಬ್ಬ ಹುಡುಗ ದಾರಿ ತೆರೆದ. ಪ್ಲಾಸ್ಟರಿನ ಹುಡುಗ. ಸೊಟ್ಟಗೆ ಹಾಕಿದ ಟೋಪಿ, ಸುಕ್ಕಾದ ಅಂಗಿ, ವಯಸ್ಸಿಗೆ ಮೀರಿ ಜಗತ್ತು ಕಂಡ ಕಣ್ಣು. ಹೆಸರು ‘ಗಾಮಿನ್’, ಅಂದರೆ ಬೀದಿ ಹುಡುಗ. ಅದನ್ನು ಕಂಡು ಜೂಲಿಯಸ್ ರೋಸನ್‌ವಾಲ್ಡ್ ನಿಧಿ ಫೆಲೋಶಿಪ್ ಕೊಟ್ಟಿತು. ಹಾರ್ಲೆಮ್‌ನ ಬಡವರೂ ಕೈಲಾದಷ್ಟು ಕೂಡಿಸಿ ಕೊಟ್ಟರು. ಆಕೆ ಪ್ಯಾರಿಸ್ ತಲುಪಿದಳು. ಅಲ್ಲಿನ ದೊಡ್ಡ ಪ್ರದರ್ಶನಗಳಲ್ಲಿ ಶಿಲ್ಪಗಳನ್ನು ಇಟ್ಟಳು. ಫ್ರಾನ್ಸ್ ಮೂರ್ಛೆ ಹೋಗಲಿಲ್ಲ. ಆರು ವರ್ಷ ಕಾಯಿಸಿದ ಆ ಮುಜುಗರ ಎಲ್ಲಿ ಹೋಯಿತೋ.

ವಾಪಸು ಬಂದಾಗ ಅಮೆರಿಕ ಆರ್ಥಿಕ ಕುಸಿತದಲ್ಲಿ ಮುಳುಗಿತ್ತು. ಶಿಲ್ಪ ಕೊಳ್ಳುವವರಿಲ್ಲ. 1932ರಲ್ಲಿ ಹಾರ್ಲೆಮ್‌ನಲ್ಲಿ ಸ್ವಂತ ಕಲಾಶಾಲೆ ತೆರೆದಳು. ದಾರಿಯಲ್ಲಿ ಹೋಗುವ ಮಕ್ಕಳನ್ನೂ ಒಳಗೆ ಕರೆದು ಕಲಿಸಿದಳು. ನಾರ್ಮನ್ ಲೂಯಿಸ್, ಗ್ವೆಂಡೊಲಿನ್ ನೈಟ್, ವಿಲಿಯಂ ಆರ್ಟಿಸ್, ಅರ್ನೆಸ್ಟ್ ಕ್ರಿಚ್ಲೋ ಆ ನೆರಳಲ್ಲಿ ಬೆಳೆದವರು. ಜೇಕಬ್ ಲಾರೆನ್ಸ್ ಎಂಬ ಹುಡುಗನನ್ನು ಸರ್ಕಾರದ ಡಬ್ಲ್ಯುಪಿಎ ಕಲಾಯೋಜನೆಗೆ ಸೇರಿಸಲು ಕರೆದೊಯ್ದಳು. ವಯಸ್ಸು ಸಾಲದು ಎಂದರು. ವರ್ಷ ಕಾದು, ನೆನಪಿಟ್ಟು, ಮತ್ತೆ ಕರೆದೊಯ್ದು ಸೇರಿಸಿದಳು. ಆತ ಬರೆದ 60 ಚಿತ್ರಗಳ ವಲಸೆ ಸರಣಿಯನ್ನು ಇಂದು ಎರಡು ದೊಡ್ಡ ಮ್ಯೂಸಿಯಂಗಳು ಮೂವತ್ತು ಮೂವತ್ತರಂತೆ ಹಂಚಿಕೊಂಡಿವೆ.

ಇಲ್ಲಿಗೆ ಹೊಗಳುವವರಿಗೆ ಒಂದು ಹೊಸ ದಾರಿ ಸಿಕ್ಕಿತು. ಎಂಥ ಗುರು! ಎಂಥ ತ್ಯಾಗ! ತನ್ನ ಕಲೆಯನ್ನೇ ಮಕ್ಕಳಿಗೆ ಧಾರೆ ಎರೆದಳು! ತನ್ನ ಸ್ಮಾರಕ ಈ ಮಕ್ಕಳ ಕೆಲಸದಲ್ಲೇ ಇರುತ್ತದೆ ಎಂಬರ್ಥದ ಮಾತನ್ನು ಆಕೆ ಒಮ್ಮೆ ಹೇಳಿದ್ದಳು. ಅದನ್ನು ಎಲ್ಲರೂ ಬಾಚಿ ಹಿಡಿದರು. ಇವತ್ತಿಗೂ ಬಿಟ್ಟಿಲ್ಲ.

ಗಂಡಸು ಶಿಲ್ಪ ಮಾಡದಿದ್ದರೆ ಅದು ದೇಶಕ್ಕೆ ನಷ್ಟ. ಹೆಂಗಸು ಮಾಡದಿದ್ದರೆ ಅದು ತ್ಯಾಗ. ಗಟ್ಜನ್ ಬೋರ್ಗ್ಲಮ್‌ಗೆ ಬೆಟ್ಟ ಬಿಡಿ, ಮಕ್ಕಳಿಗೆ ಪಾಠ ಹೇಳಿ, ಅದೇ ನಿಮ್ಮ ಸ್ಮಾರಕ ಎಂದು ಯಾರೂ ಹೇಳಿದ್ದು ಕೇಳಿಲ್ಲ.

1934ರಲ್ಲಿ ಮಹಿಳಾ ಚಿತ್ರಕಾರರು ಮತ್ತು ಶಿಲ್ಪಿಗಳ ರಾಷ್ಟ್ರೀಯ ಸಂಘಕ್ಕೆ ಆಯ್ಕೆಯಾದ ಮೊದಲ ಕಪ್ಪು ಕಲಾವಿದೆ ಎನಿಸಿಕೊಂಡಳು. 1937ರಲ್ಲಿ ಹಾರ್ಲೆಮ್ ಸಮುದಾಯ ಕಲಾಕೇಂದ್ರದ ನಿರ್ದೇಶಕಿಯಾದಳು. ಕೇಂದ್ರದ ಉದ್ಘಾಟನೆಗೆ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಬಂದರು. ಫೋಟೋ, ಚಪ್ಪಾಳೆ. ಅದಕ್ಕೇನೂ ಕೊರತೆಯಿಲ್ಲ.

ಈಗ ಕಂಚಿನ ವಿಷಯಕ್ಕೆ ಬರೋಣ. ಶಿಲ್ಪಿ ಜೇಡಿಯಲ್ಲಿ ರೂಪ ಕೊಡುತ್ತಾನೆ. ಅಚ್ಚು ತೆಗೆದು ಪ್ಲಾಸ್ಟರ್ ಸುರಿಯುತ್ತಾನೆ. ಆ ಪ್ಲಾಸ್ಟರ್ ಎರಕದ ಮನೆಗೆ ಹೋಗಿ ಕಂಚಾಗಿ ಹೊರಬಂದರೆ ಶಿಲ್ಪಕ್ಕೆ ಆಯುಷ್ಯ. ಪ್ಲಾಸ್ಟರ್ ತೇವಕ್ಕೆ ಮೆತ್ತಗಾಗುತ್ತದೆ, ತಗುಲಿದರೆ ಚಕ್ಕೆ ಏಳುತ್ತದೆ, ಬಿದ್ದರೆ ಮುಗಿಯಿತು. ಎರಕದ ಮನೆಯವರು ಚಪ್ಪಾಳೆ ತೆಗೆದುಕೊಳ್ಳುವುದಿಲ್ಲ, ನಗದು ಕೇಳುತ್ತಾರೆ. ಆದ್ದರಿಂದ ಆಕೆಯ ಹೆಚ್ಚಿನ ಕೆಲಸ ಪ್ಲಾಸ್ಟರಿಗೇ ನಿಂತಿತು. ಮೇಲೆ ಬಣ್ಣ ಬಳಿದು ಕಂಚಿನ ಹಾಗೆ ಕಾಣಿಸಬೇಕಾಯಿತು.

1939ರಲ್ಲಿ ನ್ಯೂಯಾರ್ಕಿನ ವಿಶ್ವ ಮೇಳ. ಬೂದಿ ಸುರಿಯುತ್ತಿದ್ದ ಜಾಗವನ್ನು ಹಸನು ಮಾಡಿ ಹೂಡಿದ ಭಾರಿ ಮೇಳ. ಅದರ ಘೋಷವಾಕ್ಯ ‘ನಾಳಿನ ಜಗತ್ತು’. ಅಲ್ಲಿ ಶಿಲ್ಪ ಮಾಡಲು ಕರೆ ಬಂದ ಕಪ್ಪು ಮಹಿಳೆ ಈಕೆ ಒಬ್ಬಳೇ. ಕೇಂದ್ರದ ಹುದ್ದೆಗೆ ರಜೆ ಹಾಕಿ ಕೆಲಸಕ್ಕೆ ಕೂತಳು.

ಜೇಮ್ಸ್ ವೆಲ್ಡನ್ ಜಾನ್ಸನ್ ಬರೆದು, ತಮ್ಮ ರೋಸಮಂಡ್ ರಾಗ ಹಾಕಿದ ಹಾಡೊಂದಿದೆ. ಕಪ್ಪು ಜನ ಅದನ್ನು ತಮ್ಮ ರಾಷ್ಟ್ರಗೀತೆಯೆಂದೇ ಹಾಡುತ್ತಾರೆ. ಆ ಹಾಡು ಆಕೆಯ ಕೈಯಲ್ಲಿ 16 ಅಡಿಯ ಹಾರ್ಪ್ ವಾದ್ಯವಾಯಿತು. ಸಾಲಾಗಿ ನಿಂತ 12 ಹಾಡುಗಾರರೇ ತಂತಿಗಳು. ಅವರ ನಿಲುವಂಗಿಯ ಮಡಿಕೆಗಳು ತಂತಿಯಂತೆ ಇಳಿದಿವೆ. ಅವರನ್ನೆಲ್ಲ ಹೊತ್ತ ತಳ ದೇವರ ತೋಳು ಮತ್ತು ಅಂಗೈ. ಮುಂದೆ ಮಂಡಿಯೂರಿದ ಯುವಕನ ಕೈಯಲ್ಲಿ ಸಂಗೀತದ ಸ್ವರಗಳು.

ಮೇಳದ ಅಧಿಕಾರಿಗಳು ಮೊದಲು ಶಿಲ್ಪಕ್ಕಿಟ್ಟಿದ್ದ ಹಾಡಿನ ಹೆಸರನ್ನು ಕಿತ್ತರು. ಬರಿ ‘ಹಾರ್ಪ್’ ಎಂದು ಕರೆದರು. ಪ್ರತಿಭಟನೆಯ ಹಾಡು ಹೋಗಿ ಸಂಗೀತದ ಅಂಗಡಿಯ ಸಾಮಾನು ಉಳಿಯಿತು. ಶಿಲ್ಪ ಪ್ಲಾಸ್ಟರಿನದು. ಕಪ್ಪು ಕಲ್ಲಿನಂತೆ ಕಾಣಲು ಬಣ್ಣ ಬಳಿದಿತ್ತು. ಜನ ಮುಗಿಬಿದ್ದು ನೋಡಿದರು. ಅದರ ಚಿತ್ರದ ಪೋಸ್ಟ್‌ಕಾರ್ಡ್ ಮಾರಾಟವಾಯಿತು. ಅದರ ಪುಟಾಣಿ ಪ್ರತಿಗಳನ್ನು ನೆನಪಿನ ಕಾಣಿಕೆಯಾಗಿ ಮಾರಿದರು. ಲೋಹದ ಪ್ರತಿಗಳು, ಸ್ವಾಮಿ! ಪುಟಾಣಿ ಪ್ರತಿಗೆ ಲೋಹ ಸಿಕ್ಕಿತು. ಮೂಲಕ್ಕೆ ಸಿಗಲಿಲ್ಲ.

1940ರಲ್ಲಿ ಮೇಳ ಮುಗಿಯಿತು. ಕಂಚಿಗೆ ಎರೆಸಲು ಆಕೆಯ ಬಳಿ ಹಣವಿಲ್ಲ. ಸಾಗಿಸಿ ಇಡಲು ಜಾಗವಿಲ್ಲ. ಮೇಳದವರಿಗೆ ಅದು ಕಟ್ಟಡ ತೆರವಿನ ಅವಶೇಷ. ಬುಲ್ಡೋಜರ್ ಬಂತು. 12 ಹಾಡುಗಾರರೂ, ದೇವರ ಕೈಯೂ ಪುಡಿಯಾದವು.

ಅದೇ ಮೇಳದ ಮೈದಾನದಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ಒಂದು ಕಾಲಕೋಶ ಹೂತಿಟ್ಟಿದೆ. ಏಳೂವರೆ ಅಡಿಯ ಕೊಳವೆ. 50 ಅಡಿ ಆಳ. ತೆರೆಯುವ ಮುಹೂರ್ತ ಕ್ರಿ.ಶ. 6939. ನಮ್ಮ ನಾಗರಿಕತೆ ಏನೆಂದು ಮುಂದಿನವರಿಗೆ ತಿಳಿಯಲಿ ಎಂದು ಅದರೊಳಗೆ ಇಟ್ಟದ್ದರಲ್ಲಿ ಒಂದು ಪೊಟ್ಟಣ ಕ್ಯಾಮೆಲ್ ಸಿಗರೇಟು ಇದೆ. ಹೆಂಗಸರ ಟೋಪಿ ಇದೆ. ಗಡ್ಡ ಹೆರೆಯುವ ರೇಜರ್ ಇದೆ. ಮಿಕ್ಕಿ ಮೌಸ್ ಲೋಟ ಇದೆ. ತುಕ್ಕು ಹಿಡಿಯದಿರಲೆಂದು ಕೊಳವೆಗೆ ತಾಮ್ರದ ವಿಶೇಷ ಮಿಶ್ರಲೋಹ.

ತಾಮ್ರ ಇತ್ತು. ತಂತ್ರಜ್ಞರು ಇದ್ದರು. 5000 ವರ್ಷದ ದೂರದೃಷ್ಟಿಯೂ ಇತ್ತು. ಸಿಗರೇಟಿಗೆ ಇತ್ತು.

ಶಿಲ್ಪ ಮುಗಿಸಿ ಬಂದರೆ ಕಲಾಕೇಂದ್ರದ ಆಕೆಯ ಕುರ್ಚಿಯಲ್ಲಿ ಬೇರೆಯವರು ಕೂತಾಗಿತ್ತು. ದೇಶದ ಮರ್ಯಾದೆಗಾಗಿ ರಜೆ ಹಾಕಿದವಳಿಗೆ ದೇಶದ ಮರ್ಯಾದೆ ಇಷ್ಟು. 1939ರಲ್ಲೇ ಹಾರ್ಲೆಮ್‌ನಲ್ಲಿ ಕಪ್ಪು ಕಲಾವಿದರ ಕೆಲಸ ಮಾರಲೆಂದೇ ಸ್ವಂತ ಗ್ಯಾಲರಿ ತೆರೆದಳು. ಬಂದವರು ನೂರಾರು ಮಂದಿ. ಎಲ್ಲರೂ ಮೆಚ್ಚಿದರು. ಕೊಳ್ಳಲಿಲ್ಲ. ಗ್ಯಾಲರಿ ಬೇಗನೆ ಮುಚ್ಚಿತು.

ಇದರ ಜೊತೆಗೆ ಒಬ್ಬ ಜೋ ಗೂಲ್ಡ್. ಇಡೀ ಜಗತ್ತಿನ ಮಾತುಗಳ ಮಹಾಗ್ರಂಥ ಬರೆಯುತ್ತಿದ್ದೇನೆ ಎಂದು ಹೇಳಿಕೊಂಡು ಗ್ರೀನಿಚ್ ವಿಲೇಜಿನಲ್ಲಿ ತಿರುಗುತ್ತಿದ್ದವನು. 1942ರಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಜೋಸೆಫ್ ಮಿಚೆಲ್ ಅವನ ಮೇಲೆ ಲೇಖನ ಬರೆದು ಪ್ರಸಿದ್ಧನಾಗಿಸಿದ. ಆ ಮಹಾಗ್ರಂಥವೇ ಇಲ್ಲವೆಂದು 1964ರಲ್ಲಿ ಮಿಚೆಲ್‌ನೇ ಬರೆದ. ಅದೂ ಪ್ರಸಿದ್ಧವಾಯಿತು. 2000ದಲ್ಲಿ ಸಿನಿಮಾ ಕೂಡ ಬಂತು. ಈ ಮಹಾನುಭಾವ ಮದುವೆಯಾಗೆಂದು ಸ್ಯಾವೇಜ್‌ಳ ಬೆನ್ನುಬಿದ್ದು, ಪತ್ರ ಫೋನುಗಳಲ್ಲಿ ವರ್ಷಗಟ್ಟಲೆ ಕಾಡಿದ್ದನ್ನು ಇತಿಹಾಸಕಾರ್ತಿ ಜಿಲ್ ಲೆಪೋರ್ 2016ರ ತಮ್ಮ ಪುಸ್ತಕದಲ್ಲಿ ಕೆದಕಿ ತೆಗೆದರು.

ಬರೆಯದ ಪುಸ್ತಕಕ್ಕೆ ಸಿನಿಮಾ. ಮಾಡಿದ ಶಿಲ್ಪಕ್ಕೆ ಬುಲ್ಡೋಜರ್.

1945ರ ಹೊತ್ತಿಗೆ ಆಕೆ ನ್ಯೂಯಾರ್ಕ್ ನಗರ ಬಿಟ್ಟು ಸಾಗರ್ಟೀಸ್ ಎಂಬ ಸಣ್ಣ ಊರಿಗೆ ಹೋದಳು. ಕೋಳಿ ಸಾಕಿದಳು. ಮಕ್ಕಳಿಗೆ ಕಲೆ ಕಲಿಸಿದಳು. ಅಣಬೆ ಬೆಳೆಯುವ ಕಂಪನಿಯ ಪ್ರಯೋಗಾಲಯದಲ್ಲಿ ಸಹಾಯಕಿಯಾದಳು. ಅದರ ಮುಖ್ಯಸ್ಥ ಹರ್ಮನ್ ನಾಸ್ಟ್ ಒಳ್ಳೆಯವನು. ಶಿಲ್ಪ ಬಿಡಬೇಡ ಎಂದು ಸಾಮಗ್ರಿ ಕೊಡಿಸಿದ. ಇದೇ ನಾಸ್ಟ್ 1951ರಲ್ಲಿ ತನ್ನ ಹಳೆಯ ಗಣಿಯೊಂದರಲ್ಲಿ ಕಂಪನಿಗಳ ಕಾಗದಪತ್ರಗಳನ್ನು ಅಣುಬಾಂಬಿನಿಂದ ಕಾಪಾಡುವ ವ್ಯಾಪಾರ ಶುರುಮಾಡಿದ. ಅದು ಇಂದಿನ ಐರನ್ ಮೌಂಟನ್ ಕಂಪನಿ. ಲೆಕ್ಕದ ಪುಸ್ತಕಗಳಿಗೆ ಬಂಡೆಯ ಕೋಟೆ. ಬಾಡಿಗೆ ಕೊಡುವವರು ಇದ್ದರು, ಅದಕ್ಕೆ.

1962ರ ಮಾರ್ಚ್‌ನಲ್ಲಿ ಕ್ಯಾನ್ಸರ್‌ನಿಂದ ಆಕೆ ತೀರಿಕೊಂಡಳು. ಆಕೆಯ ಬಹಳಷ್ಟು ಶಿಲ್ಪಗಳು ಎಲ್ಲಿವೆಯೆಂದು ಯಾರಿಗೂ ಗೊತ್ತಿಲ್ಲ. 2018ರಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನ ಕಮ್ಮರ್ ಮ್ಯೂಸಿಯಂ ಆಕೆಯ ಮೇಲೆ ದೊಡ್ಡ ಪ್ರದರ್ಶನ ನಡೆಸಿತು. ಮರುವರ್ಷ ಅದು ನ್ಯೂಯಾರ್ಕಿಗೂ ಬಂತು. ಜೆಫ್ರೀನ್ ಹೇಯ್ಸ್ ಅದನ್ನು ಶ್ರದ್ಧೆಯಿಂದ ಕಟ್ಟಿದರು. ಅವರ ಮೇಲೆ ನನ್ನ ತಕರಾರಿಲ್ಲ. ಆದರೆ ಅಲ್ಲಿ ಆ ಹಾರ್ಪ್ ಇದ್ದದ್ದು ಪುಟ್ಟ ಪ್ರತಿಯಾಗಿ, ಫೋಟೋ ಆಗಿ. ಕಲಾವಿದೆಗೆ 16 ಅಡಿ, ನಮಗೆ 16 ಅಂಗುಲವೂ ಇಲ್ಲ.

ತೀರ್ಪು ಸರಳ. ಈಕೆಯನ್ನು ಚರಿತ್ರೆ ಮರೆಯಲಿಲ್ಲ. ಒಬ್ಬ ಶುಲ್ಕ ದುಬಾರಿ ಎಂದ. ಒಂದು ಸಮಿತಿ ಮುಜುಗರ ಎಂದಿತು. ಒಂದು ಕಚೇರಿ ಕುರ್ಚಿ ಭರ್ತಿ ಎಂದಿತು. ಒಂದು ಮೇಳ ಜಾಗ ತೆರವು ಮಾಡಿ ಎಂದಿತು. ಎಲ್ಲರೂ ಸಭ್ಯರು, ಎಲ್ಲರ ಬಳಿಯೂ ಕಾರಣವಿತ್ತು, ಎಲ್ಲರೂ ಆಕೆಯ ಪ್ರತಿಭೆಯನ್ನು ಒಪ್ಪಿದ್ದರು.

ಓದುಗರಲ್ಲಿ ಒಂದೇ ಮನವಿ. ಬದುಕಿರುವ ಶಿಲ್ಪಿಯ ಮನೆಗೆ ಹೋದರೆ ಅದ್ಭುತ, ಅಮೋಘ ಎಂದು ತಲೆ ತೂಗಿ ಎದ್ದು ಬರಬೇಡಿ. ಬೆಲೆ ಕೇಳಿ. ಚೌಕಾಸಿ ಮಾಡದೆ ಕೊಡಿ. ಅಷ್ಟೂ ಆಗದಿದ್ದರೆ ಆಕೆ ಸತ್ತ ಮೇಲೆ ಭಾಷಣಕ್ಕೆ ಮಾತ್ರ ಹೋಗಬೇಡಿ.